ಹೆಗಲು ಮುಟ್ಟಿಕೊಂಡವನೆಲ್ಲ ಕಳ್ಳನಲ್ಲ: ಮಾಸ್ತಿಯವರ ಬದುಕಿನಿಂದ ನಾವು ಕಲಿತದ್ದು

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ಕೇಳದವರು ಯಾರೂ ಇಲ್ಲ. ಬೂದುಗುಂಬಳ ಹೊತ್ತವನ ಹೆಗಲಿಗೆ ಬೂದಿ ಅಂಟಿರುತ್ತೆ, ಹಾಗಾಗಿ ಕಳ್ಳ ಅಂತ ಕೂಗಿದ ಕೂಡಲೇ ಅವನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತೆ, ಸಿಕ್ಕಿಬೀಳುತ್ತಾನೆ. ಕೇಳೋಕೆ ಚೆನ್ನಾಗಿದೆ. ಆದರೆ ಹತ್ತು ಜನರ ಮಧ್ಯೆ ಎಲ್ಲರೂ ನಿಮ್ಮನ್ನೇ ನೋಡುತ್ತಾ ಇರುವಾಗ ಯಾರೋ ಹಾಗೆ ಕೂಗಿದರೆ, ಕದಿಯದೇ ಇದ್ದರೂ ನಿಮ್ಮ ಕೈ ಹೆಗಲಿಗೆ ಹೋಗೋದಿಲ್ಲವೇ? ಗಾದೆ ಆ ಪ್ರಶ್ನೆ ಕೇಳುವುದಿಲ್ಲ.

ಹೋದ ಸೆಮಿಸ್ಟರಿನಲ್ಲಿ ನಮಗೆ ಆ ಪ್ರಶ್ನೆ ಎದುರಾಯಿತು. ಶ್ರೀನಿವಾಸಪುರ ಕಡೆಯ ನಮ್ಮ ಗೆಳೆಯನೊಬ್ಬ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ವೈವಾದಲ್ಲಿ ಇಂಗ್ಲಿಷು. ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಕೈ ನಡುಗಿತು, ನೆಲ ನೋಡಿದ, ಉತ್ತರಕ್ಕೆ ಮುಂಚೆ ತುಂಬಾ ಹೊತ್ತು ತೆಗೆದುಕೊಂಡ. ಕೋಡ್ ಇವನದ್ದಲ್ಲ ಅಂತ ತೀರ್ಮಾನವಾಯಿತು, ಅಂಕ ಹೋಯಿತು. ನಮಗೆ ನಾಚಿಕೆ ತರಿಸುವ ಸಂಗತಿ ಅದಲ್ಲ. ಹೊರಗೆ ಬಂದ ಅವನ ಮುಖ ನೋಡಿ, ದಿನಾ ಜೊತೆಗೆ ಊಟ ಮಾಡುವ ನಾವೂ ಇರಬಹುದೇನೋ ಅಂದುಕೊಂಡೆವು. ಎರಡು ದಿನ ಆದ ಮೇಲೆ ಅವನ ಲ್ಯಾಪ್‌ಟಾಪ್ ತೆಗೆದು ನೋಡಿದರೆ, ನಾಲ್ಕು ವಾರದ ಒಂದೊಂದು ಬದಲಾವಣೆಯೂ ತಾರೀಖಿನ ಸಮೇತ ಅಲ್ಲೇ ಇತ್ತು. ಅವನು ಬರೆದ ತಪ್ಪುಗಳು, ಅವನೇ ತಿದ್ದಿದ್ದು, ಎಲ್ಲವೂ. ಅಷ್ಟು ದಿನ ಅದನ್ನು ಯಾರೂ ತೆರೆದು ನೋಡಿರಲಿಲ್ಲ. ನಾವೂ ನೋಡಿರಲಿಲ್ಲ.

ಅದೇ ವಾರ ನಮ್ಮ ಸಂಘಕ್ಕೆ ಮಾಸ್ತಿಯವರ ಬಗ್ಗೆ ಲೇಖನ ಬರೆಯುವ ಕೆಲಸ ಬಂತು. ನಮ್ಮಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರೇ ಜಾಸ್ತಿ. ಮುಳಬಾಗಿಲಿನವರು ಡಿ.ವಿ.ಜಿ. ನಮ್ಮವರು ಅಂತ ಎದೆ ತಟ್ಟಿಕೊಂಡರೆ, ಮಾಲೂರಿನವರು ಮಾಸ್ತಿ ನಮ್ಮವರು ಅನ್ನುತ್ತಾರೆ. ಶ್ರೀನಿವಾಸಪುರದವರು ಮಾವಿನಹಣ್ಣು ತೋರಿಸಿ ಸುಮ್ಮನಾಗುತ್ತಾರೆ. ಈ ಸಲ ಮಾಲೂರಿನವರ ಸರದಿ. ಮಾಸ್ತಿಯವರ ಬದುಕನ್ನು ಓದುತ್ತಾ ಹೋದಾಗ ನಮ್ಮ ಗೆಳೆಯನ ವೈವಾ ಮತ್ತೆ ಮತ್ತೆ ನೆನಪಾಯಿತು. ಅದಕ್ಕೇ ಈ ಲೇಖನ ಎರಡರ ಬಗ್ಗೆಯೂ ಇದೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6ರಂದು, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಬಾಲ್ಯ ಕಳೆದದ್ದು ಅದೇ ತಾಲ್ಲೂಕಿನ ಮಾಸ್ತಿಯಲ್ಲಿ. ಊರಿನ ಹೆಸರೇ ಕೊನೆಗೆ ಅವರ ಹೆಸರಾಯಿತು. ಮನೆಮಾತು ತಮಿಳು. ಸುತ್ತಮುತ್ತ ತೆಲುಗು, ಕನ್ನಡ. ತಮಿಳುನಾಡಿನ ಗಡಿ ಅಲ್ಲಿಂದ ದೂರವಿಲ್ಲ. ಈಗಲೂ ಆ ಕಡೆ ಸಂತೆಗೆ ಹೋದರೆ ಒಂದೇ ಚೌಕಾಸಿಯಲ್ಲಿ ಮೂರು ಭಾಷೆ ಕೇಳಬಹುದು. ಮನೆಯಲ್ಲಿ ಬಡತನವಿತ್ತು. ಬಂಧುಗಳ ಆಸರೆಯಲ್ಲಿ ಊರಿಂದ ಊರಿಗೆ ಹೋಗಿ ಓದಬೇಕಾಯಿತು. ಓದಿನಲ್ಲಿ ಮಾತ್ರ ಹುಡುಗ ಮುಂದು. 1913ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. 1914ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಎಂ.ಎ., ಅದೂ ಚಿನ್ನದ ಪದಕದೊಂದಿಗೆ. ಇಂಗ್ಲಿಷಿನಲ್ಲಿ ಅಷ್ಟು ಓದಿದವರು ಬರೆಯುವುದಕ್ಕೆ ಆರಿಸಿಕೊಂಡದ್ದು ಕನ್ನಡವನ್ನು, ‘ಶ್ರೀನಿವಾಸ’ ಅನ್ನೋ ಕಾವ್ಯನಾಮದಲ್ಲಿ.

ಅದಕ್ಕೂ ಮುಂಚೆ, 1910ರಲ್ಲೇ, ಅವರ ಮೊದಲ ಕಥೆ ‘ರಂಗನ ಮದುವೆ’ ಬಂದಿತ್ತು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಅಂದರೆ ಹೆಚ್ಚುಕಮ್ಮಿ ನಮ್ಮ ವಯಸ್ಸು. ಸಿ.ಬಿ.ಎಸ್.ಇ.ಯಲ್ಲಿ ಓದಿದವರಿಗೆ ಹನ್ನೊಂದನೇ ಕ್ಲಾಸಿನ ಇಂಗ್ಲಿಷ್ ಪಾಠವಾಗಿ ಇದು ನೆನಪಿರಬಹುದು. ಆಗ ತಮಾಷೆ ಕಥೆ ಅಂತ ಓದಿ ಬಿಟ್ಟಿದ್ದೆವು. ಈಗ ಇನ್ನೊಂದು ಸಲ ನೋಡೋಣ.

ಹೊಸಹಳ್ಳಿಯ ಶಾನುಭೋಗರ ಮಗ ರಂಗ ಬೆಂಗಳೂರಿನಲ್ಲಿ ಓದಿ ಊರಿಗೆ ಬರುತ್ತಾನೆ. ಊರಿಗೆ ಊರೇ ಅವನನ್ನು ನೋಡಲು ಬರುತ್ತೆ. ಪಟ್ಟಣಕ್ಕೆ ಹೋಗಿ ಕೆಟ್ಟಿದ್ದಾನೋ ಇಲ್ಲವೋ ಅಂತ ಅವನ ಮೈಮೇಲೆ ಗುರುತು ಹುಡುಕುತ್ತಾರೆ, ಜನಿವಾರ ಇದೆಯಾ ಅಂತ ನೋಡುತ್ತಾರೆ. ಇದೆ ಅಂತ ಗೊತ್ತಾದ ಮೇಲೆ ಸಮಾಧಾನ. ಕಥೆ ಹೇಳುವ ಶ್ಯಾಮನಿಗೆ ಈ ಹುಡುಗನಿಗೆ ಮದುವೆ ಮಾಡಿಸುವ ಆಸೆ. ರಂಗನಿಗೆ ಸದ್ಯಕ್ಕೆ ಮದುವೆ ಬೇಡ. ಶ್ಯಾಮ ರತ್ನ ಎಂಬ ಹುಡುಗಿಯನ್ನು ಮನೆಗೆ ಕರೆಸಿ ಹಾಡಿಸುತ್ತಾನೆ, ಸರಿಯಾಗಿ ಆ ಹೊತ್ತಿಗೇ ರಂಗ ಬಾಗಿಲಲ್ಲಿ ನಿಂತಿರುವ ಹಾಗೆ ಮಾಡುತ್ತಾನೆ. ರಂಗ ಮೆಲ್ಲಗೆ ಅವಳ ವಿಚಾರ ಕೇಳಿದಾಗ, ಅವಳಿಗೆ ಆಗಲೇ ಮದುವೆಯಾಗಿದೆ ಅಂತ ಸುಳ್ಳು ಹೇಳುತ್ತಾನೆ. ರಂಗನ ಮುಖ ಬಾಡುತ್ತೆ. ಶ್ಯಾಮನಿಗೆ ಬೇಕಾದ್ದು ಸಿಕ್ಕಿತು. ಆಮೇಲೆ ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು, ಅವರ ಬಳಿಗೆ ರಂಗನನ್ನು ಕರೆದುಕೊಂಡು ಹೋಗುತ್ತಾನೆ. ಅವರು ಕವಡೆ ಹಾಕಿ, ಲೆಕ್ಕ ಮಾಡಿದ ಹಾಗೆ ನಟಿಸಿ, ಹುಡುಗಿಯ ಹೆಸರನ್ನು ಸುತ್ತಿ ಬಳಸಿ ಹೇಳಿಬಿಡುತ್ತಾರೆ. ರಂಗ ಬೆರಗಾಗುತ್ತಾನೆ. ಮದುವೆ ನಡೆಯುತ್ತೆ.

ಇಲ್ಲಿ ಯಾರು ಯಾರ ಮುಖ ಓದಿದರು ಅಂತ ಒಂದು ಲೆಕ್ಕ ಹಾಕಿದೆವು. ರಂಗನ ಮನಸ್ಸು ಕಲಕಿದೆ ಅಂತ ಶ್ಯಾಮನಿಗೆ ಗೊತ್ತಾಯಿತು, ನಿಜ. ಆದರೆ ಯಾಕೆ ಕಲಕಿತು ಅನ್ನೋದು ಬರೀ ಮುಖದಿಂದ ತಿಳಿದದ್ದಲ್ಲ. ಹಾಡು, ಹುಡುಗಿ, ಪ್ರಶ್ನೆ ಎಲ್ಲವನ್ನೂ ಜೋಡಿಸಿ ಇಟ್ಟವನು ಅವನೇ. ಇನ್ನು ರಂಗ? ಬೆಂಗಳೂರಿನಲ್ಲಿ ಓದಿದವನು. ಎದುರಿಗೆ ಕೂತ ಇಬ್ಬರು ಹಿರಿಯರು ಹಸಿಹಸಿ ಸುಳ್ಳು ಹೇಳುತ್ತಿದ್ದರೂ ಅವರ ಮುಖದಲ್ಲಿ ಅವನಿಗೆ ಏನೂ ಕಾಣಲಿಲ್ಲ. ನಿಜ ಹೊರಗೆ ಬಂದದ್ದು ಆಮೇಲೆ, ರತ್ನಳಿಗೆ ಮದುವೆ ಆಗಿಲ್ಲ ಅಂತ ವಿಚಾರಿಸಿ ತಿಳಿದಾಗ. ಹನ್ನೊಂದು ವರ್ಷದ ರತ್ನಳ ಮುಖವನ್ನಂತೂ ಯಾರೂ ಓದಲು ಹೋಗಲಿಲ್ಲ. ಅವಳ ಮನಸ್ಸು ಏನು ಅಂತ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಆ ಕಾಲದ ಮದುವೆಗಳು ಹಾಗೇ ಇದ್ದವು, ಇವತ್ತು ಓದುವಾಗ ಅದು ಚುಚ್ಚುತ್ತೆ. ನಾವು ಎಲ್ಲರ ಮುಖವನ್ನೂ ಓದುವುದಿಲ್ಲ, ನಮಗೆ ಬೇಕಾದವರ ಮುಖದಲ್ಲಿ ಬೇಕಾದ್ದನ್ನು ಓದಿಕೊಳ್ಳುತ್ತೇವೆ.

ಕೆಲಸಕ್ಕೆ ಸೇರಿದ ಮೇಲೆ ಮಾಸ್ತಿಯವರಿಗೆ ಇದೇ ನಿತ್ಯದ ಉದ್ಯೋಗವಾಯಿತು ಅನ್ನಬಹುದು. ಅಸಿಸ್ಟೆಂಟ್ ಕಮಿಷನರ್ ಆಗಿ ಶುರು ಮಾಡಿ ಜಿಲ್ಲಾಧಿಕಾರಿಯ ಮಟ್ಟದವರೆಗೆ ಏರಿದರು. ಆಗಿನ ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಅಧಿಕಾರಿ ಅಂದರೆ ಬರೀ ಕಂದಾಯದ ಲೆಕ್ಕ ಅಲ್ಲ, ಮ್ಯಾಜಿಸ್ಟ್ರೇಟ್ ಅಧಿಕಾರವೂ ಜೊತೆಗಿತ್ತು. ಗಡಿ ಒತ್ತಿದ್ದು, ಪಾಲಿನ ಜಗಳ, ಕೆರೆ ನೀರಿನ ತಕರಾರು. ಎರಡೂ ಕಡೆಯವರು ದೇವರ ಮೇಲೆ ಆಣೆ ಇಟ್ಟು ಮಾತಾಡುವ ಕಡೆ ಕೂತು ತೀರ್ಮಾನ ಕೊಡುವ ಕೆಲಸ. ಸಾಹೇಬರ ಎದುರು ತಲೆ ಎತ್ತಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದೇ ಅಹಂಕಾರ ಅನ್ನಿಸುತ್ತಿದ್ದ ಕಾಲದಲ್ಲಿ, ತಲೆ ತಗ್ಗಿಸಿದವನನ್ನೆಲ್ಲ ಸುಳ್ಳುಗಾರ ಅಂದಿದ್ದರೆ ಅರ್ಧ ಸಂಸ್ಥಾನವೇ ಜೈಲಿಗೆ ಹೋಗಬೇಕಿತ್ತು! ಪಹಣಿ, ಕಂದಾಯದ ರಸೀದಿ, ಗಡಿಕಲ್ಲು, ಪಕ್ಕದ ಹೊಲದವನ ಸಾಕ್ಷಿ, ಇವೇ ಆ ಕಚೇರಿಗಳ ಆಧಾರ.

ಆ ವರ್ಷಗಳಲ್ಲಿ ಸುತ್ತಾಡಿದ ಊರುಗಳು ಅವರ ಕಥೆಗಳೊಳಗೆ ಬಂದವು. 1920ರಲ್ಲಿ ಮೊದಲ ಸಂಕಲನ ‘ಕೆಲವು ಸಣ್ಣ ಕತೆಗಳು’ ಪ್ರಕಟವಾಯಿತು. ಮಾಸ್ತಿಯವರ ಎಷ್ಟೋ ಕಥೆಗಳ ರೀತಿ ಒಂದೇ: ಯಾರೋ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಮಧ್ಯೆ ಬಾಯಿ ಹಾಕದೆ ಕೇಳುತ್ತಾರೆ. ‘ಮೊಸರಿನ ಮಂಗಮ್ಮ’ದಲ್ಲಿ ಮೊಸರು ಮಾರುವ ಹೆಂಗಸು ಸೊಸೆಯ ಜೊತೆಗಿನ ಜಗಳವನ್ನು ಗಿರಾಕಿ ಮನೆಯಲ್ಲಿ ಕೂತು ಹೇಳಿಕೊಳ್ಳುತ್ತಾಳೆ. ಆ ಮನೆಯಾಕೆ ಕೇಳಿಸಿಕೊಳ್ಳುತ್ತಾಳೆ, ತೀರ್ಪು ಕೊಡುವುದಿಲ್ಲ. ಕೊನೆಗೆ ಸೊಸೆಯ ಕಡೆಯ ಮಾತಿಗೂ ಜಾಗ ಸಿಗುತ್ತೆ. ಅದನ್ನು ಕೇಳಿದ ಮೇಲೆ ನಮಗೂ ಮೊದಲಿನ ತೀರ್ಮಾನ ಸಡಿಲವಾಗುತ್ತೆ.

ಮಾಸ್ತಿಯವರು ಹೀಗೆ ಸರ್ಕಿಟು ತಿರುಗುತ್ತಾ ಇದ್ದ ಕಾಲದಲ್ಲೇ, 1921ರಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ಒಂದು ಯಂತ್ರ ಕಟ್ಟಿದ. ರಕ್ತದೊತ್ತಡ ಮತ್ತು ಉಸಿರಾಟವನ್ನು ಒಟ್ಟಿಗೆ ದಾಖಲಿಸುವ ಪಾಲಿಗ್ರಾಫ್. ಸುಳ್ಳು ಪತ್ತೆ ಯಂತ್ರ ಅಂತ ಹೆಸರಾಯಿತು. ಎಂಜಿನಿಯರಿಂಗ್ ಓದುವ ನಮಗೆ ಅದರ ತೊಂದರೆ ಬೇಗ ಹೊಳೆಯಬೇಕು. ಆ ಯಂತ್ರ ಅಳೆಯುವುದು ಸುಳ್ಳನ್ನಲ್ಲ, ಮೈಯೊಳಗಿನ ಉದ್ವೇಗವನ್ನು. ಬೋರ್ಡಿನ ಮೇಲಿನ ಒಂದೇ ಎಲ್‌ಇಡಿ ಹತ್ತು ಬೇರೆ ಬೇರೆ ದೋಷಕ್ಕೂ ಹೊತ್ತಿಕೊಂಡರೆ, ದೀಪ ನೋಡಿ ದೋಷ ಯಾವುದು ಅಂತ ಹೇಳೋಕಾಗುತ್ತಾ? ಭಯ, ಅವಮಾನ, ನಿದ್ದೆಗೇಡು, ಬೇರೆ ಭಾಷೆಯಲ್ಲಿ ಪದ ಹುಡುಕುವ ತಡವರಿಕೆ, ಸುಳ್ಳು: ಎಲ್ಲಕ್ಕೂ ಹೊರಗೆ ಕಾಣುವ ಸಿಗ್ನಲ್ ಹೆಚ್ಚುಕಮ್ಮಿ ಒಂದೇ. ಯಂತ್ರಕ್ಕೇ ಹೀಗಾದರೆ ಬರಿಗಣ್ಣಿನ ಪಾಡು ಕೇಳಬೇಕೇ?

ಅದಕ್ಕೂ ಲೆಕ್ಕ ಇದೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಅವರು 24,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದುರಿನವರು ಹೇಳುತ್ತಿರುವುದು ನಿಜವೋ ಸುಳ್ಳೋ ಅಂತ ಜನ ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ. 54ರಷ್ಟು. ನಾಣ್ಯ ಚಿಮ್ಮಿದರೆ ಶೇ. 50! ಬಿಡಿಸಿ ನೋಡಿದರೆ, ನಿಜವನ್ನು ನಿಜ ಅಂದದ್ದು ಶೇ. 61, ಸುಳ್ಳನ್ನು ಸುಳ್ಳು ಅಂದದ್ದು ಶೇ. 47. ಅನುಭವಸ್ಥರು ಹಿಡಿಯುತ್ತಾರೆ ಅನ್ನೋ ನಂಬಿಕೆಯೂ ಗಟ್ಟಿಯಲ್ಲ. ಪಾಲ್ ಎಕ್ಮನ್ ಮತ್ತು ಮೌರೀನ್ ಓ'ಸಲಿವನ್ 1991ರಲ್ಲಿ ನ್ಯಾಯಾಧೀಶರು, ಪೊಲೀಸರು, ಮನೋವೈದ್ಯರು ಮುಂತಾದವರನ್ನು ಪರೀಕ್ಷಿಸಿದಾಗ, ಅಮೆರಿಕದ ಸೀಕ್ರೆಟ್ ಸರ್ವಿಸ್‌ನವರನ್ನು ಬಿಟ್ಟರೆ ಉಳಿದ ಗುಂಪುಗಳು ಊಹೆಗಿಂತ ಮೇಲೆ ಹೋಗಲಿಲ್ಲ. ಆದರೂ ಸುಳ್ಳುಗಾರ ಕಣ್ಣು ತಪ್ಪಿಸುತ್ತಾನೆ ಅನ್ನೋದೇ ಪ್ರಪಂಚದ ಹೆಚ್ಚು ಕಡೆ ಜನ ಕೊಡುವ ಮೊದಲ ಉತ್ತರ. 58 ದೇಶಗಳಲ್ಲಿ ಕೇಳಿದ ಒಂದು ಅಧ್ಯಯನದಲ್ಲಿ ಇದು ಕಂಡುಬಂತು.

ಈ ಅಂಕಿಗಳನ್ನು ನಮ್ಮ ಕ್ಲಾಸಿಗೆ ಹಾಕಿ ನೋಡಿದೆವು. ನೂರು ಜನರಲ್ಲಿ ಐದು ಜನ ಕಾಪಿ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಬರೀ ಮುಖ ನೋಡಿ ಹಿಡಿಯಲು ಹೊರಟರೆ, ಶೇ. 47ರ ಲೆಕ್ಕದಲ್ಲಿ ಐವರಲ್ಲಿ ಸಿಗುವವರು ಇಬ್ಬರು. ಉಳಿದ 95 ಜನರಲ್ಲಿ ಶೇ. 39ರಷ್ಟು, ಅಂದರೆ 37 ಜನ, ಏನೂ ಮಾಡದೆ ಸಿಕ್ಕಿಬೀಳುತ್ತಾರೆ. ಇಬ್ಬರು ಕಳ್ಳರಿಗಾಗಿ 37 ನಿರಪರಾಧಿಗಳು. ಇಂಥ ಪ್ರಿಸಿಷನ್ ಇರುವ ಮಾಡೆಲ್ಲನ್ನು ನಮ್ಮ ಗೈಡ್ ಎದುರು ಇಟ್ಟರೆ ಲ್ಯಾಬಿನಿಂದ ಹೊರಗೆ ಕಳಿಸುತ್ತಾರೆ. ಆದರೆ ನಮ್ಮ ತಲೆಯೊಳಗೆ ಅದೇ ಮಾಡೆಲ್ ದಿನಾ ಓಡುತ್ತಾ ಇರುತ್ತೆ.

ಮಾಸ್ತಿಯವರ ಬದುಕಿಗೆ ವಾಪಸ್ ಬರೋಣ. 1929ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮೈಸೂರು ಮಹಾರಾಜರು ಕೊಟ್ಟ ರಾಜಸೇವಾಸಕ್ತ ಎಂಬ ಬಿರುದೂ ಇತ್ತು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸುಸೂತ್ರ. 1943ರಲ್ಲಿ ತಮಗಿಂತ ಕಿರಿಯರೊಬ್ಬರನ್ನು ಮೇಲಿನ ಹುದ್ದೆಗೆ ಏರಿಸಿದಾಗ, ಕಾಲು ಶತಮಾನಕ್ಕೂ ಹೆಚ್ಚು ದುಡಿದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಸೌಮ್ಯ ಮನುಷ್ಯ ಅಂತ ಹೆಸರಾಗಿದ್ದವರು. ಆ ಸೌಮ್ಯ ಮುಖದ ಹಿಂದೆ ಅಷ್ಟು ಗಟ್ಟಿಯಾದ ಸ್ವಾಭಿಮಾನ ಇತ್ತು ಅನ್ನೋದನ್ನು ತೋರಿಸಿದ್ದು ಅವರ ನಡೆ, ಅವರ ಮುಖವಲ್ಲ.

ನೌಕರಿ ಬಿಟ್ಟ ಮೇಲೆ ಬರವಣಿಗೆ ಇನ್ನೂ ಜೋರಾಯಿತು. 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆ ನಡೆಸಿದರು. ಬೆಂಗಳೂರಿನ ಗವಿಪುರದಲ್ಲಿ ಮನೆ. ಸಂಜೆಯಾದರೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು. ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬಂದವು. ಶೇಕ್ಸ್‌ಪಿಯರ್‌ನ ನಾಟಕಗಳನ್ನೂ ಕನ್ನಡಕ್ಕೆ ತಂದರು, ಅವುಗಳಲ್ಲಿ ‘ಲಿಯರ್ ಮಹಾರಾಜ’ ಒಂದು. ಆ ನಾಟಕದ ದುರಂತ ಶುರುವಾಗುವುದೇ ಹೊರಗಿನ ತೋರಿಕೆಯನ್ನು ನಂಬಿದ್ದರಿಂದ. ಇಬ್ಬರು ಹೆಣ್ಣುಮಕ್ಕಳು ಪ್ರೀತಿಯನ್ನು ಅಬ್ಬರಿಸಿ ತೋರಿಸುತ್ತಾರೆ, ರಾಜ್ಯ ಸಿಗುತ್ತೆ. ಮೂರನೆಯವಳಿಗೆ ತೋರಿಸಿಕೊಳ್ಳಲು ಬರುವುದಿಲ್ಲ, ಅವಳನ್ನು ಹೊರಗಟ್ಟುತ್ತಾನೆ. ನಿಜವಾಗಿ ಪ್ರೀತಿಸಿದವಳು ಅವಳೊಬ್ಬಳೇ. ವೈವಾದಲ್ಲಿ ಪಟಪಟ ಮಾತಾಡಿ ಅಂಕ ತೆಗೆದುಕೊಂಡವರು ನಮ್ಮಲ್ಲೂ ಇದ್ದಾರೆ, ಸುಮ್ಮನೆ ನಿಂತು ಕಳೆದುಕೊಂಡವನೂ ಇದ್ದಾನೆ.

1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಕೊಡಗಿನ ಕೊನೆಯ ಅರಸನ ಮೇಲೆ ಅವರು ‘ಚಿಕವೀರ ರಾಜೇಂದ್ರ’ ಕಾದಂಬರಿ ಬರೆದರು. ಯಾರಿಗೂ ಯಾರ ಮೇಲೂ ನಂಬಿಕೆ ಉಳಿಯದ ಒಂದು ಅರಮನೆ ಒಳಗಿಂದಲೇ ಕುಸಿಯುವ ಕಥೆ ಅದು. ಕೆಟ್ಟ ಹೆಸರು ಹೊತ್ತ ರಾಜನನ್ನು ಕೂಡ ಮಾಸ್ತಿ ಒಂದೇ ನೋಟಕ್ಕೆ ಮುಗಿಸಿಬಿಡುವುದಿಲ್ಲ. ಅವನ ತಪ್ಪುಗಳನ್ನು ಮುಚ್ಚದೆ, ಅವನೂ ಮನುಷ್ಯ ಅನ್ನೋದನ್ನು ಮರೆಯದೆ ಬರೆಯುತ್ತಾರೆ. 1983ರ ಜ್ಞಾನಪೀಠ ಪ್ರಶಸ್ತಿ ಈ ಕಾದಂಬರಿಗೆ ಬಂತು. ಅದಕ್ಕೂ ಮುಂಚೆ 1968ರಲ್ಲಿ ಸಣ್ಣ ಕತೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಮಾಸ್ತಿ ಕನ್ನಡದ ಆಸ್ತಿ ಅನ್ನೋ ಮಾತು ಅಷ್ಟರಲ್ಲಿ ಮನೆಮಾತಾಗಿತ್ತು. 1985ರಲ್ಲಿ, ತೊಂಬತ್ತು ದಾಟಿದ ಮೇಲೂ, ‘ಮಾತುಗಾರ ರಾಮಣ್ಣ’ ಹೊರಬಂತು. 1986ರ ಜೂನ್ 6ರಂದು, ಅಂದರೆ ತಮ್ಮ ಹುಟ್ಟಿದ ದಿನದಂದೇ, ತೊಂಬತ್ತೈದು ವರ್ಷ ತುಂಬಿದಾಗ ಅವರು ತೀರಿಕೊಂಡರು.

ಅವರು ಹೋಗಿ ಇಪ್ಪತ್ತನಾಲ್ಕು ವರ್ಷದ ಮೇಲೆ, 2010ರ ಮೇ 5ರಂದು, ನಮ್ಮ ರಾಜ್ಯದಿಂದಲೇ ಹೋಗಿದ್ದ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಇವನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಅಂತ. ಹಾಗಿದ್ದರೂ ಸಾಕ್ಷಿ ಹೇಳುವವರ ಹಾವಭಾವದ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯುವ ಪದ್ಧತಿ ನಮ್ಮ ಕಾನೂನಿನಲ್ಲಿ ಇನ್ನೂ ಇದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 315ನೇ ಸೆಕ್ಷನ್ ಅದನ್ನೇ ಹೇಳುತ್ತೆ. ಹಳೆಯ ನಂಬಿಕೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಅದು ಹೊಸ ವೇಷದಲ್ಲಿ ನಮ್ಮ ಲ್ಯಾಬಿಗೂ ಬಂದಿದೆ. ಮಿನಿ ಪ್ರಾಜೆಕ್ಟ್ ಅಂದ ಕೂಡಲೇ ವೆಬ್‌ಕ್ಯಾಮ್ ಮುಂದೆ ಕೂರಿಸಿ ಎಮೋಷನ್ ಡಿಟೆಕ್ಷನ್ ಮಾಡುವ ತಂಡ ಪ್ರತಿ ಬ್ಯಾಚಿನಲ್ಲೂ ಒಂದಾದರೂ ಇರುತ್ತೆ. ಆನ್‌ಲೈನ್ ಪರೀಕ್ಷೆಯಲ್ಲಿ ಕಣ್ಣು ಪಕ್ಕಕ್ಕೆ ಹೋದರೆ ಅನುಮಾನದ ಪಟ್ಟಿಗೆ ಸೇರಿಸುವ ಸಾಫ್ಟ್‌ವೇರ್ ಬರೆಯುವವರೂ ನಾಳೆ ನಾವೇ. ಯೂರೋಪಿನ ಕೃತಕ ಬುದ್ಧಿಮತ್ತೆ ಕಾಯ್ದೆಯು ಕೆಲಸದ ಜಾಗ ಮತ್ತು ಶಾಲಾ ಕಾಲೇಜುಗಳಲ್ಲಿ ಮುಖ ನೋಡಿ ಭಾವನೆ ಅಂದಾಜಿಸುವ ವ್ಯವಸ್ಥೆಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, ನಿಷೇಧಿಸಿದೆ. ಅಂಥ ಕೋಡ್ ಬರೆಯುವ ಮುಂಚೆ ಮೇಲಿನ 37 ಜನರನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೆಯದು.

ಹಾಗಾದರೆ ಸುಳ್ಳು ಹಿಡಿಯುವುದೇ ಬೇಡವೇ? ಬೇಕು. ಕಾಪಿ ಮಾಡುವವರು ಇದ್ದೇ ಇದ್ದಾರೆ, ಅವರಿಂದ ಕಷ್ಟಪಟ್ಟು ಮಾಡಿದವರಿಗೆ ಅನ್ಯಾಯ. ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿರುವ ಆಲ್ಡರ್ಟ್ ವ್ರೈ ಅಂಥ ಸಂಶೋಧಕರು ಈಗ ಹೇಳುವುದು ಇಷ್ಟು: ಮೈಯನ್ನು ನೋಡಬೇಡಿ, ಮಾತನ್ನು ಕೇಳಿ, ಪರೀಕ್ಷಿಸಬಹುದಾದ ವಿವರ ಎಷ್ಟಿದೆ ನೋಡಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಹಣಿ ತೆಗೆಸಿ, ಗಡಿಕಲ್ಲು ನೋಡಿ. ವೈವಾದಲ್ಲಾದರೆ ಫೈಲ್ ತೆರೆಸಿ, ಒಂದು ಸಾಲು ಬದಲಿಸಿ ಓಡಿಸು ಅನ್ನಿ, ಬೇಕಾದರೆ ಕನ್ನಡದಲ್ಲೇ ಹೇಳೋಕೆ ಬಿಡಿ. ಐದು ನಿಮಿಷ ಸಾಕು.

ನಮ್ಮ ಗೆಳೆಯನಿಗೆ ಹೋದ ಅಂಕ ವಾಪಸ್ ಬರಲಿಲ್ಲ. ಅವನ ಹತ್ತಿರ ಹೋಗಿ ನಾವು ಕ್ಷಮೆ ಕೇಳಿದೆವು. ಅವನು ನಕ್ಕ. ಆ ನಗುವಿನ ಅರ್ಥ ಏನು ಅಂತ ಈ ಸಲ ನಾವು ಊಹೆ ಮಾಡಲಿಲ್ಲ. ಬೇಜಾರು ಹೋಯಿತಾ ಅಂತ ಬಾಯಿಬಿಟ್ಟು ಕೇಳಿದೆವು. ಇನ್ನೂ ಸ್ವಲ್ಪ ಇದೆ ಅಂತ ಹೇಳಿದ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡು, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡೆವು.